ಟಿಕ್ ಬೇಡ, ಅಂಕಿ ಬರೆಯಿರಿ: ಕಲ್ಲುಗುಡ್ಡದ ರಿಪೀಟರ್ ತಪಾಸಣೆಯಲ್ಲಿ ನನ್ನ ಅನುಭವ

ಪೊಲೀಸ್ ವೈರ್‌ಲೆಸ್ಸಿನ ರಿಪೀಟರ್ ತಾಣಗಳ (ವಾಕಿಟಾಕಿಯ ದನಿ ಹಿಡಿದು ಗುಡ್ಡದ ಮೇಲಿಂದ ಮತ್ತೆ ದೂರಕ್ಕೆ ಪ್ರಸಾರ ಮಾಡುವ ಕೇಂದ್ರಗಳ) ಬಗ್ಗೆ ತಿಂಗಳಿಗೊಮ್ಮೆ ಮೇಲಿನ ಕಚೇರಿಗೆ ಹೋಗುವ ವರದಿಯಲ್ಲಿ ಮೊದಲು ಆರೇಳು ಕಲಂ ಇರುತ್ತಿದ್ದವು: ಸೆಟ್ (ರೇಡಿಯೋ), ಆಂಟೆನಾ, ಕೇಬಲ್, ಬ್ಯಾಟರಿ, ಚಾರ್ಜರ್, ಅರ್ಥಿಂಗ್. ಪ್ರತಿಯೊಂದರ ಮುಂದೆ ಒಂದು ಟಿಕ್. ಕೊಪ್ಪಳ, ರಾಯಚೂರು, ಬಳ್ಳಾರಿಯ ಗುಡ್ಡ ಹತ್ತಿದವರಿಗೆಲ್ಲ ಗೊತ್ತಿರುವ ಸಂಗತಿ ಏನೆಂದರೆ, ಟಿಕ್ ಇದ್ದ ತಾಣವೇ ನಾರಾಯಣಪುರದಿಂದಲೋ ತುಂಗಭದ್ರೆಯಿಂದಲೋ ನೀರು ಬಿಟ್ಟ ರಾತ್ರಿ ಸುಮ್ಮನಾಗುತ್ತದೆ. ಟಿಕ್ ಜಾಗದಲ್ಲಿ ಅಂಕಿ ಬರೆಯೋಣ ಅಂದಾಗ ಜತೆಗಾರರೇ ಒಪ್ಪಲಿಲ್ಲ. ಕಾಗದದ ಕೆಲಸ ಹೆಚ್ಚಾಗುತ್ತದೆ, ಅಂಕಿ ಕೊಟ್ಟರೆ ಮೇಲಿನವರು ಅದನ್ನೇ ಹಿಡಿದು ಪ್ರಶ್ನೆ ಕೇಳುತ್ತಾರೆ ಅಂದರು. ಪ್ರಶ್ನೆ ಕೇಳಲಿ ಎಂದೇ ಅಂಕಿ ಬರೆದೆವು. ಇವತ್ತು ಬೇರೆ ಜಿಲ್ಲೆಯವರೂ ನಮ್ಮ ಹಾಳೆಯ ನಮೂನೆ ಕೇಳಿ ಒಯ್ಯುತ್ತಿದ್ದಾರೆ.

ಮೊದಲು ಬ್ಯಾಟರಿ. ಚಾರ್ಜರ್ ಆನ್ ಇರುವಾಗ ಮೀಟರ್ ಇಟ್ಟರೆ ಸತ್ತ ಬ್ಯಾಟರಿಯೂ 13.6 ವೋಲ್ಟ್ ತೋರಿಸುತ್ತದೆ, ಯಾಕೆಂದರೆ ಅದು ಚಾರ್ಜರಿನ ವೋಲ್ಟೇಜ್. ನಾವು ಮಾಡುವುದು ಹೀಗೆ: ಮೇನ್ಸ್ ಆಫ್ ಮಾಡಿ ಅರ್ಧ ಗಂಟೆ ಬಿಡುವುದು, ಆಮೇಲೆ ಡಮ್ಮಿ ಲೋಡ್ (ಆಂಟೆನಾ ಬದಲಿಗೆ ಪ್ರಸಾರದ ಶಕ್ತಿ ನುಂಗುವ ಸಾಧನ) ಮೇಲೆ ರಿಪೀಟರನ್ನು ಮೂರು ನಿಮಿಷ ಸತತ ಪ್ರಸಾರದಲ್ಲಿಟ್ಟು, ಮೂರನೇ ನಿಮಿಷದ ಕೊನೆಗೆ ಬ್ಯಾಟರಿ ಟರ್ಮಿನಲ್ ಮೇಲೆಯೇ ಅಳೆಯುವುದು. 150 ಎಎಚ್ (ಆಂಪಿಯರ್-ಗಂಟೆ) ಟ್ಯೂಬುಲರ್ ಬ್ಯಾಟರಿ‌ಗೆ 12.0 ಮೇಲಿದ್ದರೆ ಚಿಂತೆ ಇಲ್ಲ. 11.5 ಕೆಳಗೆ ಬಂದರೆ ಮಳೆಗಾಲಕ್ಕೆ ಮುಂಚೆ ಬದಲಿಸಲೇಬೇಕು. ಟರ್ಮಿನಲ್ ಮೇಲೆ 12.1 ಇದ್ದು ಸೆಟ್ಟಿನ ಹಿಂದೆ 11.3 ಬಂದರೆ ತಪ್ಪು ಬ್ಯಾಟರಿಯದಲ್ಲ, ಲಗ್ (ತಂತಿ ತುದಿಯ ಕೊಂಡಿ) ಅಥವಾ ಫ್ಯೂಸ್ ಹೋಲ್ಡರ್ ತುಕ್ಕು ಹಿಡಿದಿದೆ. ಆ ಎರಡೂ ಅಂಕಿಗೆ ಬೇರೆ ಬೇರೆ ಕಲಂ ಕೊಟ್ಟಿದ್ದೇವೆ.

ಬ್ಯಾಕಪ್ ಲೆಕ್ಕದಲ್ಲೂ ಎಲ್ಲರೂ ಎಡವುವ ಜಾಗ ಒಂದಿದೆ. ನಮ್ಮ ಸೆಟ್ ಸುಮ್ಮನಿದ್ದಾಗ ಸುಮಾರು 1 ಆಂಪಿಯರ್, ಪ್ರಸಾರದಲ್ಲಿ 10 ಆಂಪಿಯರ್ ಎಳೆಯುತ್ತದೆ. ಸಾಮಾನ್ಯ ದಿನ ಪ್ರಸಾರ ಶೇ 5 ಇದ್ದರೆ ಸರಾಸರಿ ಒಂದೂವರೆ ಆಂಪಿಯರ್, ಬ್ಯಾಟರಿ ಎರಡು ದಿನ ಆರಾಮ ಬರುತ್ತದೆ. ನೆರೆ ರಾತ್ರಿ ಪ್ರಸಾರ ಶೇ 30 ದಾಟುತ್ತದೆ. ಸರಾಸರಿ 3.7 ಆಂಪಿಯರ್, ಹನ್ನೆರಡು ಗಂಟೆಗೆ 44 ಎಎಚ್. ಹೊಸ ಬ್ಯಾಟರಿಗೆ ಅದು ಲೆಕ್ಕಕ್ಕಿಲ್ಲ. ರಾಯಚೂರಿನ ಬಿಸಿಲಲ್ಲಿ ತಗಡಿನ ಕೋಣೆಯೊಳಗೆ ಮೂರು ಬೇಸಿಗೆ ಕಳೆದ ಬ್ಯಾಟರಿಗೆ ಮಾತ್ರ ಅದೇ ಪೂರ್ತಿ ಶಕ್ತಿ. ಬಿಸಿ 10 ಡಿಗ್ರಿ ಏರಿದರೆ ಬ್ಯಾಟರಿ ಆಯುಷ್ಯ ಅರ್ಧ ಆಗುತ್ತದೆ ಅನ್ನುವ ಲೆಕ್ಕ ನಮ್ಮ ಕಡೆ ಕಣ್ಣಾರೆ ಕಾಣುತ್ತದೆ. ಚಾರ್ಜರಿಗೆ ತಾಪಮಾನದ ಸೆನ್ಸರ್ ಇಲ್ಲದಿದ್ದರೆ ಏಪ್ರಿಲ್‌ನಲ್ಲಿ ಫ್ಲೋಟ್ ವೋಲ್ಟೇಜನ್ನು (ತುಂಬಿದ ಬ್ಯಾಟರಿಗೆ ಚಾರ್ಜರ್ ಸದಾ ಕೊಡುವ ವೋಲ್ಟೇಜ್) ಕೈಯಿಂದಲೇ 13.3ಕ್ಕೆ ಇಳಿಸಿ, ಅಕ್ಟೋಬರಿನಲ್ಲಿ ಮತ್ತೆ ಏರಿಸಿ. ಖರ್ಚಿಲ್ಲದ ಕೆಲಸ, ನೀರು ಹಾಕುವುದೂ ಕಡಿಮೆಯಾಗುತ್ತದೆ.

ಎರಡನೆಯದು ಕೇಬಲ್. ವ್ಯಾಟ್ ಮೀಟರಲ್ಲಿ ಫಾರ್ವರ್ಡ್ (ಆಂಟೆನಾ ಕಡೆ ಹೋಗುವುದು) 40, ರಿಫ್ಲೆಕ್ಟೆಡ್ (ಹಿಂದಿರುಗುವುದು) 1 ವ್ಯಾಟ್ ಬಂದರೆ ಎಲ್ಲರೂ ಖುಷಿಯಿಂದ ಇಳಿದುಬಿಡುತ್ತಾರೆ. ನೀರು ಕುಡಿದ ಕೇಬಲ್ ಮೋಸ ಮಾಡುವುದೇ ಇಲ್ಲಿ. ಕೇಬಲ್ಲಿನಲ್ಲೇ 6 ಡಿಬಿ ನಷ್ಟ ಇದ್ದರೆ (ಅಂದರೆ ಶಕ್ತಿಯ ಕಾಲುಭಾಗ ಮಾತ್ರ ಮೇಲೆ ತಲುಪಿದರೆ), ಮೇಲೆ ಆಂಟೆನಾ ಕಿತ್ತು ಬಿದ್ದಿದ್ದರೂ ಕೆಳಗೆ, ಹಿಂದಿರುಗುವ ಶಕ್ತಿಯ ಅಳತೆಯಾದ ವಿಎಸ್‌ಡಬ್ಲ್ಯೂಆರ್ 1.7 ಎಂದೇ, ಅಂದರೆ ಎಲ್ಲ ಸರಿಯಿರುವಂತೆ, ಕಾಣುತ್ತದೆ. ಹೋಗುವಾಗ 6, ಬರುವಾಗ 6 ಡಿಬಿ ಕೇಬಲ್ಲೇ ನುಂಗಿತು. ಹಾಗಾಗಿ ವರ್ಷಕ್ಕೊಮ್ಮೆ, ಮೇ ತಿಂಗಳಲ್ಲಿ, ಟವರ್ ಮೇಲೆ ಆಂಟೆನಾ ಬಿಚ್ಚಿ ಅಲ್ಲಿ ಡಮ್ಮಿ ಲೋಡ್ ಕಟ್ಟಿ, ಮೇಲೆ ಎಷ್ಟು ವ್ಯಾಟ್ ತಲುಪಿತು ಎಂದು ಅಳೆಯುವುದು ಕಡ್ಡಾಯ. 30 ಮೀಟರ್ ಅರ್ಧ ಇಂಚಿನ ಫೀಡರ್ ಕೇಬಲ್‌ನಲ್ಲಿ 40 ವ್ಯಾಟ್ ಹೋದರೆ ಮೇಲೆ 32-33 ಸಿಗಬೇಕು. ಆರ್‌ಜಿ-213 ಎಂಬ ಸಾಮಾನ್ಯ ಕೇಬಲ್ ಆದರೆ ಹೊಸದರಲ್ಲೇ 22-23. ಹಳೆಯ ಕೇಬಲ್ಲಿನಲ್ಲಿ 9 ವ್ಯಾಟ್ ಬಂದ ತಾಣವೂ ಇತ್ತು, ಅದರ ವರದಿಯಲ್ಲಿ ವರ್ಷಗಟ್ಟಲೆ ಟಿಕ್ ಇತ್ತು. ನೀರು ಒಳಗೆ ಹೋಗುವುದು ಹೆಚ್ಚಾಗಿ ಮೇಲಿನ ಎನ್ ಕನೆಕ್ಟರಿನಿಂದ. ಸೆಲ್ಫ್ ಅಮಾಲ್ಗಮೇಟಿಂಗ್ (ತನಗೆ ತಾನೇ ಬೆಸೆದುಕೊಳ್ಳುವ) ಟೇಪನ್ನು ಕೆಳಗಿನಿಂದ ಮೇಲಕ್ಕೆ ಸುತ್ತಿ, ಅದರ ಮೇಲೆ ಪಿವಿಸಿ ಟೇಪ್ ಹಾಕಿ. ಬರೀ ಪಿವಿಸಿ ಟೇಪ್ ನಮ್ಮ ಬಿಸಿಲಿಗೆ ಒಂದೇ ಬೇಸಿಗೆ. ಕೋಣೆ ಹೊಗುವ ಮುಂಚೆ ಕೇಬಲ್ಲಿಗೆ ಡ್ರಿಪ್ ಲೂಪ್ (ನೀರು ಹೊರಗೇ ತೊಟ್ಟಿಕ್ಕಲು ಕೆಳಗೆ ಬಾಗಿಸಿದ ಸುತ್ತು) ಬಿಡದಿದ್ದರೆ ನೀರು ಸೀದಾ, ಒಂದೇ ಆಂಟೆನಾದಲ್ಲಿ ಕೇಳುವುದನ್ನೂ ಪ್ರಸಾರವನ್ನೂ ಬೇರೆ ಮಾಡುವ ಡುಪ್ಲೆಕ್ಸರ್ ಮೇಲೆ ತೊಟ್ಟಿಕ್ಕುತ್ತದೆ.

ಡುಪ್ಲೆಕ್ಸರ್ ಬಿಸಿಗೆ ಟ್ಯೂನಿಂಗ್ ಜಾರುತ್ತದೆ, ಮಧ್ಯಾಹ್ನ ದೂರದ ವಾಕಿಟಾಕಿ ಕೇಳದೆ ಬೆಳಗಿನ ಜಾವ ಚೆನ್ನಾಗಿ ಕೇಳುತ್ತದೆ. ಅದನ್ನು ನಾವು ಯಾವ ಹೊತ್ತಿನಲ್ಲಿ, ಯಾವ ಕ್ರಮದಲ್ಲಿ ಟ್ಯೂನ್ ಮಾಡುತ್ತೇವೆ ಎನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ನೆಟ್‌ವರ್ಕ್ ಅನಲೈಸರ್ ಕೈಯಲ್ಲಿ ಹಿಡಿದು ಎದುರಿಗೆ ಕೂತು ಕಲಿಯಬೇಕಾದ ಕೆಲಸ ಅದು.

ಇನ್ನು ಅರ್ಥಿಂಗ್. ಹೆಚ್ಚು ಹಣ, ಹೆಚ್ಚು ಜಗಳ ಎರಡೂ ಇದಕ್ಕೇ. ಗಂಗಾವತಿ, ಮಸ್ಕಿ, ಬಳ್ಳಾರಿ ಎಲ್ಲೇ ಹೋಗಿ, ಎತ್ತರ ಸಿಗುವುದು ಗ್ರಾನೈಟ್ ಗುಂಡುಗಳ ಮೇಲೆ. ಪ್ರಸಾರಕ್ಕೆ ಅದಕ್ಕಿಂತ ಒಳ್ಳೆ ಜಾಗ ಇಲ್ಲ, ಅರ್ಥಿಂಗಿಗೆ ಅದಕ್ಕಿಂತ ಕೆಟ್ಟ ಜಾಗ ಇಲ್ಲ. ಒಂದು ಕಂಪನಿ ಬಂಡೆ ಕೊರೆದು ಕೆಮಿಕಲ್ ಅರ್ಥಿಂಗ್ ಮಾಡುತ್ತೇವೆ ಎಂದು ತಾಣಕ್ಕೆ ಎರಡು ಲಕ್ಷದ ಮೇಲೆ ದರ ಕೊಟ್ಟಿತ್ತು. ಒಂದು ಕಡೆ ಮಾಡಿಯೂ ಆಯಿತು. ಆಗಸ್ಟಿನಲ್ಲಿ ಅಳೆದಾಗ ಅರ್ಥಿನ ತಡೆ 6 ಓಂ (ಕಡಿಮೆ ಇದ್ದಷ್ಟೂ ಒಳ್ಳೆಯದು), ಬಿಲ್ ಪಾಸಾಯಿತು. ಮುಂದಿನ ಮೇನಲ್ಲಿ ಅದೇ ಗುಂಡಿ 40ರ ಹತ್ತಿರ. ಕಾರಣ ಸರಳ: ಕೊರೆದ ತೂತಿನೊಳಗೆ ಎಷ್ಟೇ ಒಳ್ಳೆ ಪುಡಿ ತುಂಬಿದರೂ ಅದರ ಸುತ್ತ ಇರುವುದು ಒಣ ಬಂಡೆ. ಕರೆಂಟ್ ಹರಡಲು ಮಣ್ಣು ಬೇಕು.

ನಾವು ಮಾಡಿದ್ದು: ಟವರ್ ಬುಡದಿಂದ 25×6 ಮಿಲಿಮೀಟರ್ ಜಿಐ (ಸತು ಲೇಪಿಸಿದ ಕಬ್ಬಿಣದ) ಪಟ್ಟಿಯನ್ನು ಬಂಡೆ ಸಂದಿಯಲ್ಲೇ ಇಳಿಸಿ, 60-70 ಮೀಟರ್ ಕೆಳಗೆ ಮಳೆನೀರು ನಿಂತು ಮಣ್ಣು ಕೂಡುವ ತಗ್ಗಿಗೆ ಒಯ್ದೆವು. ಅಲ್ಲಿ 3 ಮೀಟರಿನ ಮೂರು ರಾಡು, ನಡುವೆ ಆರು ಮೀಟರ್ ಅಂತರ, ಗುಂಡಿಗೆ ಎರಡೆರಡು ಚೀಲ ಬೆಂಟೋನೈಟ್ (ತೇವ ಹಿಡಿದಿಡುವ ಜೇಡಿ). ಉಪ್ಪು-ಇದ್ದಿಲು ಹಾಕಲಿಲ್ಲ, ಉಪ್ಪು ಮಳೆಗೆ ತೊಳೆದುಹೋಗುತ್ತದೆ, ಜತೆಗೆ ಜಿಐ ತಿನ್ನುತ್ತದೆ. ಮೇನಲ್ಲಿ 9 ಓಂ, ಆಗಸ್ಟಿನಲ್ಲಿ 5. ತಾಣಕ್ಕೆ ಕೂಲಿ ಸೇರಿ ನಲವತ್ತೈದು ಸಾವಿರದ ಆಸುಪಾಸು. ತಾಮ್ರದ ಪಟ್ಟಿ ಏಕೆ ಹಾಕಲಿಲ್ಲ ಎಂದು ಪ್ರತಿ ತಪಾಸಣೆಯಲ್ಲೂ ಕೇಳುತ್ತಾರೆ. ಗುಡ್ಡದ ಮೇಲೆ ತಾಮ್ರ ಒಂದು ಅಮಾವಾಸ್ಯೆ ಉಳಿಯುವುದಿಲ್ಲ. ಜಿಐ ಪಟ್ಟಿಯೂ ಹೋಗದಂತೆ ಏನು ಮಾಡಿದ್ದೇವೆ ಅನ್ನುವುದು ನಮ್ಮಲ್ಲೇ ಇರಲಿ.

ಓಂ ಕಡಿಮೆಯಾದರೆ ಸಿಡಿಲಿನಿಂದ ಸೆಟ್ ಉಳಿಯುತ್ತದೆ ಎಂದು ನಂಬಬೇಡಿ. 60 ಮೀಟರ್ ಪಟ್ಟಿ ಸಿಡಿಲಿನ ವೇಗಕ್ಕೆ ಕರೆಂಟ್ ತಡೆಯುವ ದೊಡ್ಡ ಕಾಯಿಲ್ ಇದ್ದ ಹಾಗೆ. ಸೆಟ್ ಉಳಿಸುವುದು ಮೇಲಿನ ಜೋಡಣೆ: ಟವರ್ ಕಾಲು, ಫೀಡರಿನ ಹೊರಕವಚ, ಸಿಡಿಲಿನ ಹೊಡೆತ ನೆಲಕ್ಕೆ ತಿರುಗಿಸುವ ಗ್ಯಾಸ್ ಟ್ಯೂಬ್ ಅರೆಸ್ಟರ್, ರ್‍ಯಾಕ್, ಚಾರ್ಜರ್ ಬಾಡಿ, ಕರೆಂಟ್ ಲೈನಿನಲ್ಲಿ ಉಕ್ಕುವ ವೋಲ್ಟೇಜ್ ತಡೆಯುವ ಎಸ್‌ಪಿಡಿ, ಎಲ್ಲವೂ ಕೇಬಲ್ ಒಳಬರುವ ಕಿಂಡಿಯ ಪಕ್ಕದ ಒಂದೇ ಲೋಹದ ಪಟ್ಟಿಗೆ, ಅಂದರೆ ಬಸ್‌ಬಾರಿಗೆ, ಅರ್ಧ ಮೀಟರಿಗಿಂತ ಗಿಡ್ಡ ತಂತಿಯಲ್ಲಿ. ಎಲ್ಲದರ ವೋಲ್ಟೇಜ್ ಒಟ್ಟಿಗೆ ಏರಿ ಒಟ್ಟಿಗೆ ಇಳಿದರೆ ಏನೂ ಸುಡುವುದಿಲ್ಲ. ನಮ್ಮಲ್ಲಿ ಸುಟ್ಟ ಸೆಟ್‌ಗಳಲ್ಲಿ ಬಹುಪಾಲು ಆಂಟೆನಾ ಕಡೆಯಿಂದ ಸುಟ್ಟದ್ದಲ್ಲ, ಗುಡ್ಡ ಹತ್ತಿ ಬರುವ ಜೆಸ್ಕಾಂ ವಿದ್ಯುತ್ ತಂತಿಯ ಕಡೆಯಿಂದ ಸುಟ್ಟದ್ದು. ಎಸ್‌ಪಿಡಿಗೆ ಮೂರು ಸಾವಿರ, ಸೆಟ್ಟಿಗೆ ಲಕ್ಷದ ಮೇಲೆ.

ಬಂಡೆ ಮೇಲೆ ಅರ್ಥ್ ಅಳೆಯುವಾಗ ಟೆಸ್ಟರಿನ ಮೊಳೆ ಇಳಿಯುವುದಿಲ್ಲ. ಒದ್ದೆ ಗೋಣಿಚೀಲದ ಮೇಲೆ ತಗಡಿನ ತುಂಡು ಇಟ್ಟು ಉಪ್ಪುನೀರು ಸುರಿದರೆ ಸಾಕು. ವೋಲ್ಟೇಜ್ ಅಳೆಯುವ ಪೊಟೆನ್ಷಿಯಲ್ ಮೊಳೆ, ಅರ್ಥ್ ಮತ್ತು ದೂರದ ಕರೆಂಟ್ ಮೊಳೆಯ ನಡುವಿನ ಅಂತರದ ಶೇ 62ರಲ್ಲಿ, ಆಮೇಲೆ ಅದರ ಹಿಂದೆ ಮುಂದೆ ಒಂದೆರಡು ಮೀಟರಿನಲ್ಲಿ ಇನ್ನೆರಡು ಸಲ. ಮೂರೂ ಹೊಂದದಿದ್ದರೆ ಆ ಅಂಕಿ ಬರೆಯಬೇಡಿ. ಒಂಟಿ ಅರ್ಥ್‌ಗೆ ಕ್ಲ್ಯಾಂಪ್ ಮೀಟರ್ ಇಟ್ಟು ಬರೆದ ಅಂಕಿಗೆ ಅರ್ಥವೇ ಇಲ್ಲ. ಅಳತೆಯ ತಿಂಗಳು ಮೇ ಎಂದು ಹಾಳೆಯಲ್ಲೇ ಅಚ್ಚು ಹಾಕಿಸಿದ್ದೇವೆ. ಮಳೆಗಾಲದಲ್ಲಿ ಅರ್ಥ್ ಅಳೆಯಲು ಬಿಟ್ಟರೆ ರಾಜ್ಯದ ಮೇಲ್ವಿಚಾರಣೆಗೆ ಬೆಲೆಯೇ ಉಳಿಯುವುದಿಲ್ಲ.

ರೋಲ್ ಕಾಲ್ (ಒಂದೊಂದೇ ಸೆಟ್ಟನ್ನು ಕರೆದು ದನಿ ಎಷ್ಟು ಕೇಳುತ್ತದೆ ಎಂದು ನೋಡುವುದು) ಬಗ್ಗೆಯೂ ಅದೇ ಮಾತು. ಠಾಣೆಯ ಬೇಸ್ ಸೆಟ್, 15 ಮೀಟರ್ ಮಾಸ್ಟ್, ಎಲ್ಲ ಕಡೆಯಿಂದ 5ಕ್ಕೆ 5. ನೆರೆ ರಾತ್ರಿ ಮಾತಾಡುವವರು ಠಾಣೆಯಲ್ಲಿ ಕೂತಿರುವುದಿಲ್ಲ. ಕಂಪ್ಲಿ ಸೇತುವೆಯ ಬದಿ, ಆನೆಗೊಂದಿಯ ಗುಂಡುಗಳ ನಡುವೆ, ವಿರೂಪಾಪುರಗಡ್ಡೆ, ಲಿಂಗಸುಗೂರಿನ ಶೀಲಹಳ್ಳಿ ಸೇತುವೆ, ದೇವಸೂಗೂರಿನ ಕೃಷ್ಣೆಯ ದಂಡೆ. ಇಲ್ಲೆಲ್ಲ ಕೈಯಲ್ಲಿ ಹಿಡಿಯುವ 5 ವ್ಯಾಟಿನ ಸೆಟ್ಟಿನಿಂದ, ಎದೆ ಮಟ್ಟದಲ್ಲಿ ಹಿಡಿದು ಕರೆ ಮಾಡಿಸಿ 1ರಿಂದ 5ರ ಅಂಕಿ ಬರೆಯುತ್ತೇವೆ. ಮೊದಲ ಪಟ್ಟಿಯಲ್ಲಿ 2, 3 ಬಂದಾಗ ಜಿಲ್ಲೆಯ ಮರ್ಯಾದೆ ಹೋಗುತ್ತದೆ, ಕಳಿಸಬೇಡಿ ಎಂದವರಿದ್ದರು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋದ ಮೇಲೆ ಆ ಮಾತು ನಿಂತಿತು. 112 ವಾಹನದ ಟ್ಯಾಬ್ ನಡೆಯುವುದು ಮೊಬೈಲ್ ಡೇಟಾ ಮೇಲೆ. ಟವರ್ ಕಂಪನಿಯ ಬ್ಯಾಟರಿ ಮುಗಿದ ಮೇಲೆ ನದಿ ದಂಡೆಗೆ ಉಳಿಯುವುದು ಗುಡ್ಡದ ರಿಪೀಟರ್ ಒಂದೇ.

ಶೀಲಹಳ್ಳಿ ಕಡೆ ಡಿಜಿಟಲ್ ಸೆಟ್ಟನ್ನೂ ಇಟ್ಟು ನೋಡಿದೆವು. ದನಿ ಸ್ವಚ್ಛ, ಬ್ಯಾಟರಿಯೂ ಹೆಚ್ಚು ಹೊತ್ತು ಬರುತ್ತದೆ. ಆದರೆ ಸಿಗ್ನಲ್ ಅಂಚಿನಲ್ಲಿ ಡಿಜಿಟಲ್ ಒಮ್ಮೆಲೇ ಕಡಿಯುತ್ತದೆ. ಅನಲಾಗ್‌ನಲ್ಲಿ ಸುಂಯ್ ಎನ್ನುವ ಗದ್ದಲದ ನಡುವೆಯೂ ‘ನೀರು ಏರಿತು’ ಎನ್ನುವ ಎರಡು ಪದ ಕಿವಿಗೆ ಬೀಳುತ್ತವೆ. ನದಿ ಚಾನೆಲ್ ಇನ್ನೂ ಅನಲಾಗ್ ಇರಲಿ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಪಟ್ಟಣದ ಬಂದೋಬಸ್ತಿಗೆ ಡಿಜಿಟಲ್ ಒಳ್ಳೆಯದೇ.

ಹಣ ಹೇಗೆ ಬಂತು ಅನ್ನುವುದನ್ನು ಹೇಳಲೇಬೇಕು. ‘ಬ್ಯಾಟರಿ ಹಳೆಯದಾಗಿದೆ, ಮಂಜೂರು ಮಾಡಿ’ ಎಂದು ಬರೆದ ಪತ್ರಗಳು ಆಕ್ಷೇಪಣೆ ಹೊತ್ತು ವಾಪಸ್ ಬರುತ್ತಿದ್ದವು. 12.1, 11.9, 11.6, 11.2 ಎಂದು ಸಾಲಾಗಿ ಇಳಿದ ನಾಲ್ಕು ತಿಂಗಳ ಅಂಕಿ ಲಗತ್ತಿಸಿದ ಕಡತಕ್ಕೆ ಯಾರೂ ಆಕ್ಷೇಪಣೆ ಹಾಕಲಿಲ್ಲ. ಬೆಂಗಳೂರಿನಲ್ಲಿ ಸಂಪರ್ಕ ವಿಭಾಗ ನೋಡುವವರಿಗೆ ಎಲ್ಲ ಜಿಲ್ಲೆಯಿಂದಲೂ ಬೇಡಿಕೆ ಬರುತ್ತದೆ. ಯಾವ ಗುಡ್ಡ ಮೊದಲು ಬೀಳುತ್ತದೆ ಎಂದು ಹೇಳುವ ಹಾಳೆ ಕೈಯಲ್ಲಿದ್ದರೆ ಅವರಿಗೂ ಆಯ್ಕೆ ಸುಲಭ. ಹಣವನ್ನು ಇಲಾಖೆಯ ಆಧುನೀಕರಣದ ಲೆಕ್ಕಶೀರ್ಷಿಕೆಯಲ್ಲಿ ಕೇಳಬೇಕೋ, ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದಲ್ಲಿ ಕೇಳಬೇಕೋ ಎನ್ನುವುದನ್ನು ಆ ಅಂಕಿಗಳೇ ತೀರ್ಮಾನ ಮಾಡುತ್ತವೆ: ನದಿ ದಂಡೆಯ 2, 3 ಪ್ರಾಧಿಕಾರದ ಸಭೆಗೆ, ಬ್ಯಾಟರಿ ಕೇಬಲ್ಲು ಇಲಾಖೆಗೆ. ಮಾರ್ಚ್ ಕೊನೆಯಲ್ಲಿ ಉಳಿದ ಹಣ ಹಂಚುವ ಹೊತ್ತಿಗೆ ಎಸ್ಟಿಮೇಟ್ ಸಿದ್ಧ ಇರಬೇಕು, ಅದಕ್ಕೆ ಜನವರಿ ಅಳತೆ ತಪ್ಪಿಸಬಾರದು.

ಅಂಕಿಯನ್ನು ಗುಡ್ಡ ಹತ್ತದೆ ಕೆಳಗೆ ಕೂತೇ ಬರೆಯುವ ಅಪಾಯ ಇದ್ದೇ ಇದೆ. ಅದಕ್ಕೆ ಮೀಟರಿನ ಮುಖ, ಹಿಂದೆ ತಾಣದ ಗೋಡೆಗೆ ಬರೆದ ಸಂಖ್ಯೆ, ಎರಡೂ ಕಾಣುವ ಫೋಟೋ ಹಾಳೆ ಜತೆ ಹೋಗಬೇಕು. ಪ್ರತಿ ತಿಂಗಳೂ 12.4 ಎಂದೇ ಬರುವ ತಾಣಕ್ಕೆ ತಪಾಸಣಾ ತಂಡವನ್ನು ಮೊದಲು ಕಳಿಸಿ. ನಿಜವಾದ ಬ್ಯಾಟರಿಯ ಅಂಕಿ ಚಳಿ, ಬಿಸಿಲಿಗೆ ಸ್ವಲ್ಪವಾದರೂ ಅಲುಗಾಡುತ್ತದೆ.