ಒತ್ತಡ ಇಳಿಯುವ ಮೊದಲೇ

ಯೋಜಿತ ಸಿಸೇರಿಯನ್‌ಗೆ ಬೆನ್ನಿಗೆ ಅರಿವಳಿಕೆ ಕೊಡುವಾಗ ಸೂಜಿ ಹಾಕುವುದಕ್ಕಿಂತ ಆಮೇಲಿನ ಹತ್ತು ನಿಮಿಷ ನನಗೆ ಮುಖ್ಯ. ಅರಿವಳಿಕೆಯ ಮದ್ದಾದ ಬ್ಯೂಪಿವಕೇನ್ ನೋವಿನ ನರಗಳನ್ನಷ್ಟೇ ಅಲ್ಲ, ರಕ್ತನಾಳಗಳನ್ನು ಬಿಗಿಯಾಗಿಡುವ ನರಗಳನ್ನೂ ತಡೆಯುತ್ತದೆ. ನಾಳಗಳು ಸಡಿಲವಾಗಿ ತಾಯಿಯ ರಕ್ತದೊತ್ತಡ ಕುಸಿಯುತ್ತದೆ. ಮುಂಜಾಗ್ರತೆ ಇಲ್ಲದಿದ್ದರೆ ಅರ್ಧಕ್ಕಿಂತ ಹೆಚ್ಚು ತಾಯಂದಿರಲ್ಲಿ ಇದು ಆಗಿಯೇ ಆಗುತ್ತದೆ. ಗರ್ಭಕೋಶಕ್ಕೆ ಹರಿಯುವ ರಕ್ತ ತಾಯಿಯ ಒತ್ತಡವನ್ನೇ ನೆಚ್ಚಿಕೊಂಡಿರುವುದರಿಂದ ಮಗುವಿಗೂ ತೊಂದರೆ ತಪ್ಪಿದ್ದಲ್ಲ.

ನಾನು ಕಲಿಯುವ ಕಾಲದಲ್ಲಿ ಮೊದಲೇ ಸಲೈನ್ ಏರಿಸಿ, ಒತ್ತಡ ಇಳಿದ ಮೇಲೆ ಅದನ್ನು ಏರಿಸುವ ಎಫೆಡ್ರಿನ್ ಕೊಡುವುದು ರೂಢಿಯಾಗಿತ್ತು. ಮೊದಲೇ ಏರಿಸಿದ ಸಲೈನ್ ನಾಳಗಳಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಎಫೆಡ್ರಿನ್ ಮಾಸನ್ನು ದಾಟಿ ಮಗುವನ್ನು ತಲುಪುತ್ತದೆ, ಮಗುವಿನ ರಕ್ತದಲ್ಲಿ ಆಮ್ಲೀಯತೆ ಹೆಚ್ಚಿಸುತ್ತದೆ. ಈಗ ನಾನು ಸಲೈನನ್ನು ಬೆನ್ನಿಗೆ ಮದ್ದು ಹೋಗುವ ಹೊತ್ತಿಗೇ ವೇಗವಾಗಿ ಬಿಡುತ್ತೇನೆ. ಜೊತೆಗೇ ನಾಳಗಳನ್ನು ಬಿಗಿಗೊಳಿಸಿ ಒತ್ತಡ ಏರಿಸುವ ಫಿನೈಲೆಫ್ರಿನ್ ಹನಿಯನ್ನೂ ಆರಂಭಿಸುತ್ತೇನೆ, ಒತ್ತಡ ಇಳಿಯಲೆಂದು ಕಾಯುವುದಿಲ್ಲ. 2018ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಒಮ್ಮತದ ಶಿಫಾರಸು ಹೇಳುವುದೂ ಇದನ್ನೇ.

ನನ್ನ ಲೆಕ್ಕ ಸರಳ. ಹತ್ತು ಮಿಲಿಗ್ರಾಂ ಫಿನೈಲೆಫ್ರಿನನ್ನು ನೂರು ಮಿಲಿ ಸಲೈನಿಗೆ ಬೆರೆಸಿದರೆ ಪ್ರತಿ ಮಿಲಿಯಲ್ಲಿ 100 ಮೈಕ್ರೋಗ್ರಾಂ. ಸಿರಿಂಜ್ ಪಂಪನ್ನು ಗಂಟೆಗೆ 30 ಮಿಲಿಗೆ ಇಟ್ಟರೆ ನಿಮಿಷಕ್ಕೆ 50 ಮೈಕ್ರೋಗ್ರಾಂ. ಬೆರೆಸಿದ ಕೂಡಲೇ ಸಿರಿಂಜಿಗೆ ಹೆಸರು, ಪ್ರಮಾಣ ಬರೆದ ಚೀಟಿ ಅಂಟಿಸುತ್ತೇನೆ. ಆ ಚೀಟಿಯಿಲ್ಲದ ಸಿರಿಂಜನ್ನು ನನ್ನ ಟ್ರೇಯಲ್ಲಿ ಇಡಗೊಡುವುದಿಲ್ಲ.

ಸೂಜಿ ಹಾಕುವ ಮೊದಲು ತಾಯಿ ಶಾಂತವಾಗಿರುವಾಗ ಒತ್ತಡ ಅಳೆದು ಬರೆದಿಟ್ಟುಕೊಳ್ಳುತ್ತೇನೆ. ಮೇಲಿನ ಅಂಕಿ 120 ಇದ್ದರೆ 108ಕ್ಕಿಂತ ಕೆಳಗಿಳಿಯದಂತೆ ನೋಡಿಕೊಳ್ಳುವುದು ನನ್ನ ಗುರಿ. 96ಕ್ಕೆ ಇಳಿದರೆ ತಕ್ಷಣ ಒತ್ತಡ ಏರಿಸುವ ಮದ್ದು. ಬೆನ್ನಿಗೆ ಅರಿವಳಿಕೆ ಹೋದೊಡನೆ ಮಲಗಿಸಿ, ಹೊಟ್ಟೆಯ ಭಾರ ದೊಡ್ಡ ನಾಳಗಳ ಮೇಲೆ ಬೀಳದಂತೆ ಎಡಕ್ಕೆ ವಾಲಿಸುತ್ತೇವೆ. ಮಗು ಹೊರಬರುವವರೆಗೆ ನಿಮಿಷಕ್ಕೊಮ್ಮೆ ಅಳತೆ.

ಆದರೂ ಯಂತ್ರಕ್ಕಿಂತ ಮೊದಲು ತಾಯಿಯೇ ಹೇಳುತ್ತಾಳೆ. ಪಟ್ಟಿ ಇನ್ನೂ ತೋಳನ್ನು ಬಿಗಿಯುತ್ತಿರುವಾಗಲೇ "ಡಾಕ್ಟರೇ, ಏನೋ ಸಂಕಟ, ವಾಂತಿ ಬರುವ ಹಾಗಿದೆ" ಎಂದರೆ, ತುಟಿ ಬಿಳಿಚಿದರೆ, ಆಕಳಿಸಿದರೆ, ನಾನು ಅಂಕಿಗಾಗಿ ಕಾಯುವುದಿಲ್ಲ. ಒತ್ತಡ ಇಳಿದಾಗ ಬರುವ ವಾಕರಿಕೆಗೆ ಮೊದಲ ಮದ್ದು ಒತ್ತಡ ಏರಿಸುವುದೇ. ಅದಕ್ಕೇ ತಲೆಯ ಬಳಿ ಕುಳಿತು "ಹೇಗಿದ್ದೀರಮ್ಮ?" ಎಂದು ಮಾತನಾಡಿಸುತ್ತಲೇ ಇರುತ್ತೇನೆ.

ನಾಡಿಯ ಮೇಲೂ ಕಣ್ಣಿರಬೇಕು. ಫಿನೈಲೆಫ್ರಿನ್ ನಾಡಿಯನ್ನು ನಿಧಾನಗೊಳಿಸುತ್ತದೆ. ಒತ್ತಡ ಚೆನ್ನಾಗಿದ್ದು ನಾಡಿಯಷ್ಟೇ ಇಳಿದರೆ ಹನಿಯನ್ನು ತಗ್ಗಿಸುತ್ತೇನೆ ಅಥವಾ ನಿಲ್ಲಿಸುತ್ತೇನೆ. ಎರಡೂ ಇಳಿದರೆ ನಾಡಿಯನ್ನು ಏರಿಸುವ ಎಫೆಡ್ರಿನ್ ಅಥವಾ ಅಟ್ರೋಪಿನ್ ಬೇಕು; ಎಫೆಡ್ರಿನ್‌ಗೆ ಇಲ್ಲಿ ಅದರದೇ ಆದ ಜಾಗವಿದೆ. ಗರ್ಭಿಣಿಯ ಅಧಿಕ ರಕ್ತದೊತ್ತಡದ ಕಾಯಿಲೆಯಿರುವವರಲ್ಲಿ ಕುಸಿತ ಸಾಮಾನ್ಯವಾಗಿ ಕಡಿಮೆ, ಅವರಿಗೆ ಫಿನೈಲೆಫ್ರಿನನ್ನು ಕೈ ಬಿಗಿಹಿಡಿದೇ ಕೊಡುತ್ತೇನೆ.

ಮಗು ಅತ್ತ ಕೂಡಲೇ ಕೊಠಡಿಯಲ್ಲಿ ಎಲ್ಲರೂ ಹಗುರಾಗುತ್ತಾರೆ. ಆಗಲೇ ಗರ್ಭಕೋಶ ಬಿಗಿಯಾಗಲು ಆಕ್ಸಿಟೋಸಿನ್ ಕೊಡುವ ಹೊತ್ತು. ಒಮ್ಮೆಗೇ ನೂಕಿದರೆ ಅದೂ ಒತ್ತಡ ಇಳಿಸುತ್ತದೆ. ಆದ್ದರಿಂದ ಅದನ್ನು ನಿಧಾನವಾಗಿ ಕೊಟ್ಟು, ಮುಂದಿನ ಕೆಲವು ಅಳತೆಗಳು ನೆಟ್ಟಗಿವೆಯೆಂದು ಖಚಿತವಾದ ಮೇಲೆಯೇ ಪಂಪನ್ನು ಹಂತಹಂತವಾಗಿ ಇಳಿಸುತ್ತೇನೆ.