ಲಂಟಾನ: ಸವರುವುದು ಬಿಟ್ಟ ಮೇಲೆ ತೋಪು ಸ್ವಚ್ಛವಾಯಿತು

ನನ್ನ ತೋಪಿಗೆ ನುಗ್ಗಿದ ಲಂಟಾನ ಎಂಬ ಕಳೆಪೊದೆಯ ಮೇಲೆ ನಾನು ಹೆಚ್ಚು ಹಣ ಸುರಿದದ್ದು ಮಚ್ಚಿನ ಕೆಲಸಕ್ಕೆ. ಸೊಂಟದೆತ್ತರಕ್ಕೆ ಕಡಿದ ಒಂದು ಕೊಂಬೆ ಮಳೆ ಬಿದ್ದ ಮೇಲೆ ಐದಾರಾಯಿತು. ಬೆಂಕಿ ಇಟ್ಟಲ್ಲಿ ಬುಡದಿಂದ ಚಿಗುರಿತು. ಯಂತ್ರದಿಂದ ಕೀಳಿಸಿದ್ದು ಎಲ್ಲಕ್ಕಿಂತ ದುಬಾರಿ: ಮಣ್ಣು ಮಗುಚಿ, ಒಳಗಿದ್ದ ಬೀಜವೆಲ್ಲ ಮೇಲೆ ಬಂದು ಮೊಳೆಯಿತು, ಜೊತೆಗೆ ಪಾರ್ಥೇನಿಯಂ ಕಳೆ ಬೇರೆ. ಗ್ಲೈಫೋಸೇಟ್‌ ಎಂಬ ಕಳೆನಾಶಕದಲ್ಲೂ ಅರ್ಧ ಸೋಲು. ಕಡಿದ ಕೂಡಲೇ ಬಳಿದ ಬುಡಗಳು ಸತ್ತವು, ಊಟ ಮುಗಿಸಿ ಬಂದು ಬಳಿದವು ಚಿಗುರಿದವು.

ಕೈ ಹಿಡಿದದ್ದು ಬೇರುಬುಡ ಕತ್ತರಿಸುವ ಕ್ರಮ. ದೆಹಲಿ ವಿಶ್ವವಿದ್ಯಾಲಯದ ಸಿ.ಆರ್. ಬಾಬು ತಂಡ ಉತ್ತರಾಖಂಡದ ಹುಲಿಧಾಮ ಕಾರ್ಬೆಟ್‌ನಲ್ಲಿ ಇದನ್ನು ಮಾಡಿ ತೋರಿಸಿತ್ತು. ಚಿಗುರು ಹೊರಡುವುದು ಕಾಂಡವೂ ಬೇರೂ ಸೇರುವ ಗಂಟಿನಿಂದ. ಹಾಗಾಗಿ ನೆಲಮಟ್ಟದಿಂದ 3ರಿಂದ 5 ಸೆಂ.ಮೀ. ಕೆಳಗೆ ತಾಯಿಬೇರನ್ನು ಕತ್ತರಿಸಬೇಕು. ಗಂಟು ಮಣ್ಣಲ್ಲಿ ಉಳಿದರೆ ಕೂಲಿ ದಂಡ. ಗುಂಡಿ ತೋಡುವುದು ಬೇಡ, ಬುಡದ ಸುತ್ತ ಒಂದು ಗೇಣು ಅಗಲಕ್ಕೆ ಮಣ್ಣು ಸರಿಸಿದರೆ ಸಾಕು. ಹಾರೆಯ ಬಾಯಿಯನ್ನು ನಾನು ಒಂದು ಕೋನದಲ್ಲಿ ತಟ್ಟಿಸಿಕೊಂಡಿದ್ದೇನೆ. ಎರಡೇ ಏಟಿಗೆ ಬೇರು ತುಂಡಾಗುತ್ತದೆ. ಆ ಕೋನ ಸದ್ಯಕ್ಕೆ ನನ್ನಲ್ಲೇ ಇರಲಿ.

ಕಿತ್ತ ಪೊದೆಯನ್ನು ಬೇರು ಮೇಲಾಗಿ ತಲೆಕೆಳಗು ನಿಲ್ಲಿಸಿ. ಅಡ್ಡ ಬಿಸಾಡಿದರೆ ಹಸಿ ನೆಲಕ್ಕೆ ತಾಗಿದ ಕೊಂಬೆ ಬೇರು ಬಿಡುತ್ತದೆ. ಕಾಯಿ ಕಟ್ಟುವ ಮುಂಚೆ, ಮೊದಲ ಮಳೆಗೆ ನೆಲ ಮೆತ್ತಗಾದಾಗ ಮಾಡಿದರೆ ಸಲೀಸು. ಕಾಯಿದ್ದ ಪೊದೆ ಎಳೆದಾಡಿದರೆ ಬೀಜ ನಾವೇ ಬಿತ್ತಿದಂತೆ.

ದಟ್ಟ ಪೊದೆಯ ಎಕರೆಗೆ ಮೊದಲ ವರ್ಷ ಹೆಚ್ಚುಕಡಿಮೆ 30 ಆಳು, ಎರಡನೇ ವರ್ಷ ಏಳೆಂಟು, ಮೂರಕ್ಕೆ ಎರಡೋ ಮೂರೋ. ಮೊದಲ ವರ್ಷದ ಲೆಕ್ಕ ನೋಡಿ "ಇದು ಆಗಲ್ಲ" ಎಂದವರು ಮೂರನೇ ವರ್ಷ ಹಾರೆ ನೋಡಲು ಬಂದರು. ಸವರಿಸುವಾಗ ಪ್ರತಿ ವರ್ಷವೂ 15 ಆಳು ಬೀಳುತ್ತಿತ್ತು, ಕೊನೆಯೇ ಇರಲಿಲ್ಲ.

ಮರಿಗಿಡಗಳನ್ನು ಹುಡುಕಬೇಕಾದ್ದು ದೊಡ್ಡ ಮರಗಳ ಕೆಳಗೆ. ಹಣ್ಣು ತಿಂದ ಹಕ್ಕಿ ಕೂರುವುದು ಅಲ್ಲೇ. ಗೇಣುದ್ದ ಇರುವಾಗ ಕೈಯಲ್ಲೇ ಬರುತ್ತದೆ.

ನೆಲ ಬರಿದು ಬಿಡಬೇಡಿ. ಪಕ್ಕದಲ್ಲೇ ಬೆಳೆಯುವ ಹುಲ್ಲಿನ ಬೀಜ ಎರಚಿದ ಕಡೆ ಕಳೆ ಕಡಿಮೆ. ಒಣಗಿದ ಲಂಟಾನವನ್ನೇ ಚೂರು ಮಾಡಿ ಮರದ ಬುಡಕ್ಕೆ ಹಾಸಿಯೂ ನೋಡಿದೆ. ದೊಡ್ಡ ಮರಕ್ಕೆ ತೊಂದರೆ ಕಾಣಲಿಲ್ಲ, ಆದರೆ ಹೊಸದಾಗಿ ಎರಚಿದ ಹುಲ್ಲು ಅದರಡಿ ಸರಿಯಾಗಿ ಮೊಳೆಯಲಿಲ್ಲ. ದನ ಬರುವ ಕಡೆ ಹಸಿ ಸೊಪ್ಪು ಬಿಡಲೇಬೇಡಿ. ಅದು ಯಕೃತ್ತಿಗೆ ವಿಷ.