ಪಂಚಮಿ ಉಂಡಿಯ ಜಾಹೀರಾತು ಆಷಾಢದಲ್ಲೇ ಹೋಗಬೇಕು

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ಸಣ್ಣ ಅಂಗಡಿ ಮತ್ತು ಮನೆ ಉದ್ಯೋಗಗಳಿಗೆ ಸೋಷಿಯಲ್ ಮೀಡಿಯಾ ಕೆಲಸ ಮಾಡಿಕೊಡುವಾಗ ನಾನು ಶುರು ಮಾಡುವುದು ಗೋಡೆಯ ಮೇಲಿನ ಪಂಚಾಂಗದಿಂದ. ಹಬ್ಬದ ದಿನ ಬೆಳಿಗ್ಗೆ ಹಾಕುವ ಶುಭಾಶಯದ ಪೋಸ್ಟ್‌ನಿಂದ ವ್ಯಾಪಾರ ಆಗುವುದಿಲ್ಲ. ಅಷ್ಟೊತ್ತಿಗೆ ಗಿರಾಕಿಯ ಮನೆಯ ಡಬ್ಬಿ ತುಂಬಿರುತ್ತದೆ. ಏನು ಕೊಳ್ಳಬೇಕು, ಯಾರ ಹತ್ತಿರ ಕೊಳ್ಳಬೇಕು ಎಂದು ಮನೆಯಲ್ಲಿ ಮಾತು ನಡೆಯುವುದು ಅದಕ್ಕೂ ಎರಡು-ಮೂರು ವಾರ ಮೊದಲು. ಪೋಸ್ಟ್ ಆ ಹೊತ್ತಿಗೆ ಅವರ ಕಣ್ಣಿಗೆ ಬೀಳಬೇಕು.

ಹೋದ ವರ್ಷದ ತಾರೀಖನ್ನೇ ಈ ವರ್ಷವೂ ಹಿಡಿದರೆ ಲೆಕ್ಕ ತಪ್ಪುತ್ತದೆ. ನಾಗರ ಪಂಚಮಿ 2025ರಲ್ಲಿ ಜುಲೈ 29ಕ್ಕೆ ಬಂತು, 2026ರಲ್ಲಿ ಆಗಸ್ಟ್ 17ಕ್ಕೆ. ನಡುವೆ 19 ದಿನಗಳ ಅಂತರ ಬಿದ್ದದ್ದು ಅಧಿಕ ಜ್ಯೇಷ್ಠದಿಂದ. 2026ರ ಮೇ 17ರಿಂದ ಜೂನ್ 15ರವರೆಗೆ ಅಧಿಕ ಮಾಸ, ಆಗ ಮದುವೆ ಮುಹೂರ್ತ ಇಲ್ಲ. ಜವಳಿ ಅಂಗಡಿಯವರು ಮದುವೆ ಸೀರೆಯ ಜಾಹೀರಾತನ್ನು ಆ ತಿಂಗಳು ಓಡಿಸಿದರೆ ದುಡ್ಡು ನೀರಿಗೆ ಹೋದಂತೆಯೇ. ಅದೇ ತಿಂಗಳು ಅಳಿಯನಿಗೆ ಬಾಗಿನ ಕೊಡುವ, 33 ಅನಾರಸ ದಾನ ಮಾಡುವ ಮನೆಗಳು ನಮ್ಮಲ್ಲಿ ಸಾಕಷ್ಟಿವೆ. ಸಿಹಿ ತಿಂಡಿಯವರಿಗೆ, ಬೆಳ್ಳಿ ಅಂಗಡಿಯವರಿಗೆ ಮೂರು ವರ್ಷಕ್ಕೊಮ್ಮೆ ಮಾತ್ರ ಸಿಗುವ ತಿಂಗಳು ಅದು. ಹೊರಗಿನವರು ಮಾಡಿಟ್ಟ ಹಬ್ಬಗಳ ಸಿದ್ಧ ಪಟ್ಟಿಯಲ್ಲಿ ಇದ್ಯಾವುದೂ ಇರುವುದಿಲ್ಲ. ಕಾರಹುಣ್ಣಿಮೆಯೂ ಇರುವುದಿಲ್ಲ, ಸೀಗಿ ಹುಣ್ಣಿಮೆಯೂ ಇರುವುದಿಲ್ಲ, ಹುಬ್ಬಳ್ಳಿಯ ರಂಗಪಂಚಮಿಯೂ ಇರುವುದಿಲ್ಲ.

ಪಂಚಾಂಗದ ಪಕ್ಕದಲ್ಲಿ ಸುಗ್ಗಿಯ ಲೆಕ್ಕವನ್ನೂ ಬರೆದುಕೊಳ್ಳಬೇಕು. ಗದಗ, ನವಲಗುಂದ ಕಡೆ ಮುಂಗಾರಿ ಹೆಸರುಕಾಳು ಮನೆಗೆ ಬರುವುದು ಆಗಸ್ಟ್-ಸೆಪ್ಟೆಂಬರ್‌ನಲ್ಲಿ. ಹಾವೇರಿ ಕಡೆ ಗೋವಿನಜೋಳ ಅಕ್ಟೋಬರ್-ನವೆಂಬರ್‌ನಲ್ಲಿ. ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿಯ ದೊಡ್ಡ ಆವಕ ಜನವರಿಯಿಂದ ಮಾರ್ಚ್‌ವರೆಗೆ. ಕಡಲಿ, ಬಿಳಿಜೋಳ ಬರುವುದೂ ಸುಮಾರು ಆ ಹೊತ್ತಿಗೇ. ಮಿಕ್ಸರ್, ಹೊಲಿಗೆ ಯಂತ್ರ, ಸೈಕಲ್ ಮಾರುವವರು ಹಳ್ಳಿಯ ಗಿರಾಕಿಗೆ ಜಾಹೀರಾತು ತೋರಿಸಬೇಕಾದದ್ದು ಮಾಲು ಮಾರಿ ದುಡ್ಡು ಕೈಗೆ ಬಂದ ಮೇಲೆ. ಪಂಚಮಿ ಬರುವುದು ಹೆಸರು ಮಾರುವುದಕ್ಕಿಂತ ಮುಂಚೆ. ಹಾಗಾಗಿ ಹಳ್ಳಿಯಲ್ಲಿ ಪಂಚಮಿಗೆ ತಿಂಡಿ, ಬಳೆ, ರವಿಕೆ ಬಟ್ಟೆ ಹೋಗುತ್ತವೆ, ದೊಡ್ಡ ಸಾಮಾನು ಹೋಗುವುದಿಲ್ಲ.

ಒಂದು ಸೀಸನ್ನನ್ನು ಪೂರ್ತಿ ಬಿಡಿಸಿ ಹೇಳುತ್ತೇನೆ. ಶೇಂಗಾ ಉಂಡಿ, ಎಳ್ಳುಂಡಿ, ರವೆ ಉಂಡಿ, ಖಡಕ್ ರೊಟ್ಟಿ, ಚಟ್ನಿಪುಡಿ ಮಾಡಿ ಮಾರುವ ಮನೆ ಉದ್ಯೋಗ ಎಂದಿಟ್ಟುಕೊಳ್ಳಿ. 2026ರ ಪಂಚಮಿ ಸೋಮವಾರ. ಆಗಸ್ಟ್ 15 ಶನಿವಾರ, ಮರುದಿನ ಭಾನುವಾರ, ಅಂದರೆ ಸೋಮವಾರ ಒಂದು ದಿನ ರಜೆ ಹಾಕಿದರೆ ಮೂರು ದಿನ ಕೂಡುತ್ತವೆ. ಬೆಂಗಳೂರು, ಪುಣೆಯಿಂದ ಊರಿಗೆ ಬರುವವರು ಶುಕ್ರವಾರ ರಾತ್ರಿಯೇ ಹೊರಡುತ್ತಾರೆ. ಬರಲಾಗದವರಿಗೆ ಪಾರ್ಸಲ್ ಶುಕ್ರವಾರದೊಳಗೆ ಮುಟ್ಟಿರಬೇಕು. ರೊಟ್ಟಿ ಹಬ್ಬ ಪಂಚಮಿಗಿಂತ ಎರಡು ದಿನ ಮುಂಚೆ ಬರುವುದರಿಂದ ರೊಟ್ಟಿ ಇನ್ನೂ ಬೇಗ ಹೋಗಬೇಕು. ಇಲ್ಲಿಂದ ಹಿಂದಕ್ಕೆ ಎಣಿಸುತ್ತಾ ಬರುತ್ತೇನೆ: ಪಾರ್ಸಲ್ ಕಳಿಸುವುದು ಆಗಸ್ಟ್ 10 ಮತ್ತು 11, ಹೊರ ಊರಿನ ಆರ್ಡರ್ ಬಂದ್ ಆಗುವುದು 8ಕ್ಕೆ, ಊರೊಳಗಿನ ಆರ್ಡರ್ ಬಂದ್ ಆಗುವುದು 13ಕ್ಕೆ, ಜಾಹೀರಾತು ಓಡುವುದು ಜುಲೈ 27ರಿಂದ ಆಗಸ್ಟ್ 6ರವರೆಗೆ, ಹಳೆ ಗಿರಾಕಿಗಳಿಗೆ ಮೊದಲ ಸಂದೇಶ ಜುಲೈ 20ಕ್ಕೆ, ಫೋಟೊ ಮತ್ತು ದರಪಟ್ಟಿ ಜುಲೈ ಮೊದಲ ವಾರ. ನಾಗರ ಅಮಾವಾಸ್ಯೆ ಆಗಸ್ಟ್ 12ಕ್ಕೆ, ಅಂದರೆ ಶ್ರಾವಣ ಹುಟ್ಟುವ ಮೊದಲೇ ಪ್ರಚಾರದ ಕೆಲಸ ಮುಗಿದಿರುತ್ತದೆ. ಆಮೇಲೆ ಸ್ಟೇಟಸ್‌ನಲ್ಲಿ ಒಯ್ಯುವ ವೇಳೆ ಮಾತ್ರ ತಿಳಿಸಿದರೆ ಸಾಕು.

ಎಷ್ಟು ಖರ್ಚು ಮಾಡಬೇಕು ಎಂಬುದನ್ನು ಮೊದಲು ಒಲೆಯ ಮುಂದೆ ಕೂತು ಲೆಕ್ಕ ಹಾಕಬೇಕು. ಉದಾಹರಣೆಗೆ ದಿನಕ್ಕೆ 25 ಕೆ.ಜಿ. ಉಂಡಿ ಕಟ್ಟುವಷ್ಟು ಕೈಗಳಿವೆ, ಹತ್ತು ದಿನ ಕೆಲಸ. ಒಟ್ಟು 250 ಕೆ.ಜಿ. ಹಳೆ ಗಿರಾಕಿಗಳಿಗೇ 120 ಕೆ.ಜಿ. ಹೋಗುತ್ತದೆ ಎಂದರೆ ಹೊಸಬರಿಗೆ ಉಳಿಯುವುದು 130. ಒಬ್ಬರು ಸರಾಸರಿ 2 ಕೆ.ಜಿ. ಒಯ್ದರೆ 65 ಆರ್ಡರ್. ಕೆ.ಜಿ.ಗೆ 100 ರೂಪಾಯಿ ಉಳಿಯುತ್ತಿದ್ದರೆ ಆರ್ಡರಿಗೆ 200, ಅದರಲ್ಲಿ ಕಾಲು ಭಾಗ, ಅಂದರೆ 50 ರೂಪಾಯಿ, ಜಾಹೀರಾತಿಗೆ. 65 ಆರ್ಡರಿಗೆ 3,250. ಮೆಟಾ (ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ವಾಟ್ಸಾಪ್‌ನ ಕಂಪನಿ) ಜಾಹೀರಾತಿನ ಮೇಲೆ ಶೇ. 18 ಜಿಎಸ್‌ಟಿ ಬೀಳುತ್ತದೆ. ಅದನ್ನು ಕಳೆದರೆ ಸುಮಾರು 2,750 ಉಳಿಯುತ್ತದೆ. ಹನ್ನೊಂದು ದಿನಕ್ಕೆ ಹಂಚಿದರೆ ದಿನಕ್ಕೆ 250 ರೂಪಾಯಿ. ಇದಕ್ಕಿಂತ ಹೆಚ್ಚು ಸುರಿದು ಆರ್ಡರ್ ತಂದರೆ ಕಟ್ಟಿಕೊಡಲು ಕೈ ಸಾಲುವುದಿಲ್ಲ. ಅವಸರದಲ್ಲಿ ಬೆಲ್ಲದ ಪಾಕ ಏರಿ ಉಂಡಿ ಕಲ್ಲಾಗುತ್ತದೆ, ಇಲ್ಲವೇ ಪಾಕ ಸಾಲದೆ ಡಬ್ಬಿಯಲ್ಲೇ ಒಡೆಯುತ್ತದೆ. ಹಬ್ಬದ ಹೊತ್ತಿಗೆ ಕೈಕೊಟ್ಟ ಅಂಗಡಿಯನ್ನು ನಮ್ಮ ಜನ ಮರೆಯುವುದಿಲ್ಲ. ಅದಕ್ಕೇ ಆರ್ಡರ್ ತುಂಬಿದ ದಿನವೇ ಜಾಹೀರಾತು ನಿಲ್ಲಿಸಿ, ‘ಆರ್ಡರ್ ಬಂದ್ ಆಗ್ಯಾವ’ ಎಂದು ಸ್ಟೇಟಸ್ ಹಾಕಬೇಕು. ಅರ್ಧ ಅಡ್ವಾನ್ಸ್ ಬಂದ ಮೇಲೆಯೇ ಆರ್ಡರ್ ಹಿಡಿದೆವೆಂದು ಹೇಳಬೇಕು.

ಈ ಇಡೀ ಕೆಲಸದಲ್ಲಿ ಹೆಚ್ಚು ದುಡಿಯುವುದು ವಾಟ್ಸಾಪ್ ಬಿಸಿನೆಸ್. ಪುಕ್ಕಟೆ ಸಿಗುವ ಆ್ಯಪ್ ಅದು. ಕ್ಯಾಟಲಾಗ್‌ನಲ್ಲಿ 500 ವಸ್ತುಗಳವರೆಗೆ ಹಾಕಬಹುದಾದರೂ ಹಬ್ಬದಲ್ಲಿ ಹತ್ತಕ್ಕಿಂತ ಹೆಚ್ಚು ಬೇಡ. ಪ್ರತಿಯೊಂದಕ್ಕೂ ತೂಕ, ದರ, ಎಷ್ಟು ದಿನ ತಡೆಯುತ್ತದೆ ಎಂಬುದು ಬರೆದಿರಲಿ. ಹಸಿ ಕೊಬ್ಬರಿ, ಹಾಲು ಹಾಕಿದ ರವೆ ಉಂಡಿಯನ್ನು ಪಾರ್ಸಲ್ ಪಟ್ಟಿಯಿಂದ ತೆಗೆದುಬಿಡಿ. ಮಳೆಗಾಲದ ತೇವಕ್ಕೆ ಅದು ಹಾದಿಯಲ್ಲೇ ವಾಸನೆ ಬರುತ್ತದೆ. ಪದೇಪದೇ ಬರುವ ಪ್ರಶ್ನೆಗಳಿಗೆ ಕ್ವಿಕ್ ರಿಪ್ಲೈ (ಸಿದ್ಧ ಉತ್ತರ) ಮಾಡಿಡಬೇಕು: ದರ, ಪಾರ್ಸಲ್ ಖರ್ಚು, ಅಂಗಡಿಯ ಗುರುತು, ಯುಪಿಐ ವಿವರ. ಲೇಬಲ್‌ಗಳನ್ನು ‘ವಿಚಾರಿಸಿದವರು’, ‘ಅಡ್ವಾನ್ಸ್ ಬಂದಿದೆ’, ‘ಬೆಂಗಳೂರು ಪಾರ್ಸಲ್’, ‘ಒಯ್ದರು’ ಎಂದು ಇಟ್ಟುಕೊಂಡರೆ ಆಗಸ್ಟ್ 10ರ ಗಡಿಬಿಡಿಯಲ್ಲಿ ಚಾಟ್ ಹುಡುಕುತ್ತಾ ಕೂರಬೇಕಿಲ್ಲ.

ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ, ಅಂದರೆ ಒಂದೇ ಸಂದೇಶವನ್ನು ಒಮ್ಮೆಗೇ ಹಲವರಿಗೆ ಕಳಿಸುವ ಪಟ್ಟಿಯಲ್ಲಿ, 256 ಜನರನ್ನು ಸೇರಿಸಬಹುದು. ಆದರೆ ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಸಂದೇಶ ಮುಟ್ಟುತ್ತದೆ. ಕಳಿಸಿದ್ದಕ್ಕೆ ಉತ್ತರವೇ ಬಂದಿಲ್ಲ ಎನ್ನುವವರ ಮುಖ್ಯ ತೊಂದರೆ ಇದೇ. ಪರಿಹಾರ ಡಬ್ಬಿಯೊಳಗಿದೆ. ಪ್ರತಿ ಡಬ್ಬಿಯಲ್ಲೂ ಕ್ಯೂಆರ್ ಇರುವ ಚೀಟಿ ಹಾಕಿ, ‘ನಂಬರ್ ಸೇವ್ ಮಾಡ್ಕೊಳ್ರಿ, ಮುಂದಿನ ಹಬ್ಬದ ದರಪಟ್ಟಿ ಮೊದಲು ನಿಮಗ ಬರ್ತದ’ ಎಂದು ಅಚ್ಚು ಹಾಕಿಸಬೇಕು. ಯಾರೋ ಮಾರುವ ನಂಬರ್ ಪಟ್ಟಿಯನ್ನು ಮಾತ್ರ ಕೊಳ್ಳಬೇಡಿ. ಗುರುತಿಲ್ಲದವರು ಬ್ಲಾಕ್ ಮಾಡಿ ರಿಪೋರ್ಟ್ ಒತ್ತಿದರೆ ಹಬ್ಬದ ವಾರದಲ್ಲೇ ನಂಬರ್ ಬಂದ್ ಆಗಬಹುದು, ಅಡ್ವಾನ್ಸ್ ಕೊಟ್ಟವರ ಚಾಟ್‌ಗಳೂ ಅದರೊಟ್ಟಿಗೆ ಸಿಕ್ಕಿಹಾಕಿಕೊಳ್ಳುತ್ತವೆ.

ಫೋಟೊಕ್ಕೆ ದೊಡ್ಡ ಕ್ಯಾಮೆರಾ ಬೇಡ. ಮಳೆಗಾಲದ ಮೋಡದ ಬೆಳಕು ತಿಂಡಿಗೆ ಒಳ್ಳೆಯದೇ, ಆದರೆ ಬೆಳಿಗ್ಗೆ ಹತ್ತರಿಂದ ಹನ್ನೆರಡರೊಳಗೆ ಕಿಟಕಿಯ ಪಕ್ಕ ತೆಗೆಯಬೇಕು, ಟ್ಯೂಬ್‌ಲೈಟ್ ಆರಿಸಬೇಕು. ಎರಡು ಬೆಳಕು ಕೂಡಿದರೆ ಬೆಲ್ಲದ ಬಣ್ಣ ಹಸಿರು ತಿರುಗಿದಂತೆ ಕಾಣುತ್ತದೆ. ಸ್ಟೀಲ್ ತಟ್ಟೆ ಹೊಳೆದು ಕಣ್ಣು ಕುಕ್ಕುತ್ತದೆ, ಕೌದಿ ಅಥವಾ ಮರದ ಮಣೆಯ ಮೇಲಿಡಿ. ಒಂದು ಉಂಡಿಯನ್ನು ಒಡೆದು ಒಳಗಿನ ಶೇಂಗಾ ಕಾಣುವಂತೆ ಇಡಿ. ಕೊಳ್ಳುವವರು ನೋಡುವುದು ಅದನ್ನೇ. ರೀಲ್‌ಗೆ ಫೋನನ್ನು ನೆಟ್ಟಗೆ ಹಿಡಿಯಬೇಕು, 1080×1920 ಪಿಕ್ಸೆಲ್ ಅಳತೆ. ಅದನ್ನು ಜಾಹೀರಾತಿಗೆ ಬಳಸುವುದಾದರೆ ಮೇಲಿನ ಶೇ. 14, ಕೆಳಗಿನ ಶೇ. 35 ಭಾಗದಲ್ಲಿ ಅಕ್ಷರ ಹಾಕಬಾರದು. ಅಲ್ಲಿ ಖಾತೆಯ ಹೆಸರು, ಬಟನ್‌ಗಳು ಬಂದು ದರವನ್ನೇ ಮುಚ್ಚುತ್ತವೆ. ಸಿನಿಮಾ ಹಾಡು ಹಾಕಿದ ರೀಲನ್ನು ದುಡ್ಡು ಕೊಟ್ಟು ಬೂಸ್ಟ್ ಮಾಡಲು ಬರುವುದಿಲ್ಲ. ಶೇಂಗಾ ಹುರಿಯುವ ಸಪ್ಪಳ, ಉಂಡಿ ಕಟ್ಟುವವರ ಧಾರವಾಡ ಕಡೆಯ ಮಾತು ಇದ್ದರೆ ಸಾಕು. ಬೆಂಗಳೂರಿನಲ್ಲಿರುವ ಉತ್ತರ ಕರ್ನಾಟಕದವರನ್ನೇ ಆರಿಸಿ ಜಾಹೀರಾತು ತೋರಿಸುವ ಗುಂಡಿ ಮೆಟಾದಲ್ಲಿ ಇಲ್ಲ. ಆ ಮಾತು ಕಿವಿಗೆ ಬಿದ್ದಾಗ ಬೆರಳು ನಿಲ್ಲಿಸುವವರು ಅವರೇ, ಹಾಗಾಗಿ ಆಯ್ಕೆಯ ಕೆಲಸವನ್ನು ಧ್ವನಿಯೇ ಮಾಡುತ್ತದೆ.

ಕನ್ನಡ ಅಕ್ಷರದ ತೊಂದರೆ ಬಹಳ ಕಡೆ ನೋಡುತ್ತೇನೆ. ಬ್ಯಾನರ್ ಅಂಗಡಿಯಲ್ಲಿ ‘ನುಡಿ’ ತಂತ್ರಾಂಶದ ಹಳೆಯ ಆಸ್ಕಿ ಫಾಂಟ್‌ನಲ್ಲಿ ಟೈಪ್ ಮಾಡಿಸಿದ್ದನ್ನು ಇನ್‌ಸ್ಟಾಗ್ರಾಮ್‌ಗೆ ತಂದರೆ ಅರ್ಥವಿಲ್ಲದ ಗೀಟುಗಳಾಗುತ್ತವೆ. ಯೂನಿಕೋಡ್‌ಗೆ (ಎಲ್ಲ ಫೋನುಗಳಲ್ಲೂ ಓದಲು ಬರುವ ಬಗೆ) ಬದಲಿಸಿಯೇ ತರಬೇಕು. ಕೆಲವು ವಿಡಿಯೋ ಎಡಿಟಿಂಗ್ ಆ್ಯಪ್‌ಗಳಲ್ಲಿ ಒತ್ತಕ್ಷರ ಚೆದುರುತ್ತದೆ. ಆಗ ಕ್ಯಾನ್ವಾದಲ್ಲಿ ಅಕ್ಷರ ಬರೆದು, ಹಿನ್ನೆಲೆ ಇಲ್ಲದ ಪಿಎನ್‌ಜಿ ಚಿತ್ರವಾಗಿ ಇಳಿಸಿ, ವಿಡಿಯೋ ಮೇಲೆ ಕೂರಿಸುವುದೇ ದಾರಿ. ಪುಕ್ಕಟೆ ಸಿಗುವ ಗೂಗಲ್ ಫಾಂಟ್‌ಗಳಲ್ಲಿ ‘ನೋಟೊ ಸಾನ್ಸ್ ಕನ್ನಡ’ ಮತ್ತು ‘ಬಲೂ ತಮ್ಮ’ ಸಣ್ಣ ಪರದೆಯಲ್ಲೂ ಚೆನ್ನಾಗಿ ಓದಲು ಬರುತ್ತವೆ. ‘ಹುಬ್ಬಳ್ಳಿ’ ಎಂಬ ಹೆಸರಿನ ಫಾಂಟೇ ಅಲ್ಲಿದೆ. ತೆಳ್ಳನೆಯ ಗೆರೆಯದಾದ್ದರಿಂದ ದೊಡ್ಡ ಶೀರ್ಷಿಕೆಗೆ ಚೆಂದ, ದರಪಟ್ಟಿಗೆ ಬೇಡ.

ಜಾಹೀರಾತಿನಲ್ಲಿ ವಾಟ್ಸಾಪ್‌ಗೆ ಕರೆತರುವ ಬಗೆಯನ್ನೇ ಆರಿಸುತ್ತೇನೆ. 250 ರೂಪಾಯಿಯನ್ನು ಮೂರು ಕಡೆ ಹಂಚಬಾರದು. ಒಂದೇ ಆ್ಯಡ್ ಸೆಟ್ (ಒಂದೇ ಬಜೆಟ್, ಒಂದೇ ಗಿರಾಕಿ ಗುಂಪಿನ ಜಾಹೀರಾತುಗಳ ಕಟ್ಟು), ಅದರೊಳಗೆ ಎರಡು ಅಥವಾ ಮೂರು ಚಿತ್ರ-ವಿಡಿಯೋ. ಜಾಗದ ಆಯ್ಕೆಯಲ್ಲಿ ‘ಭಾರತ’ ಎಂದು ಮೊದಲೇ ಕೂತಿರುತ್ತದೆ. ಅದನ್ನು ತೆಗೆದು ಊರೊಳಗಿನ ಮಾಲಿಗೆ ಹುಬ್ಬಳ್ಳಿ-ಧಾರವಾಡ, ಪಾರ್ಸಲ್ ಮಾಲಿಗೆ ಬೆಂಗಳೂರು ಎಂದು ಹಾಕಬೇಕು. ಎರಡೂ ಬೇಕೆನಿಸಿದರೆ ಮೊದಲು ಬೆಂಗಳೂರು, ಹೊರ ಊರಿನ ಆರ್ಡರ್‌ಗೆ ಸಾಕಷ್ಟು ಜನ ಬಂದ ಮೇಲೆ ಊರೊಳಗೆ. ವಾರದೊಳಗೆ ಸುಮಾರು 50 ಫಲ, ಅಂದರೆ ಇಲ್ಲಿ ವಾಟ್ಸಾಪ್ ಮಾತುಕತೆ, ಸಿಕ್ಕರೆ ಜಾಹೀರಾತನ್ನು ಯಾರಿಗೆ ತೋರಿಸಬೇಕೆಂದು ಮೆಟಾ ಕಲಿಯುವ ‘ಕಲಿಕೆಯ ಹಂತ’ ಮುಗಿಯುತ್ತದೆ. ನಡುವೆ ದೊಡ್ಡ ಬದಲಾವಣೆ ಮಾಡಿದರೆ ಕಲಿಕೆ ಮತ್ತೆ ಮೊದಲಿನಿಂದ. ದಿನಾ ಬೆಳಿಗ್ಗೆ ಎದ್ದು ಚಿತ್ರ ಬದಲಿಸುವ ಚಟ ಇರುವವರ ಜಾಹೀರಾತು ದುಬಾರಿಯಾಗುವುದು ಇದರಿಂದಲೇ. ಹೊಸ ಖಾತೆಯಾದರೆ ಜೂನ್‌ನಲ್ಲೇ ನೂರು-ಇನ್ನೂರು ರೂಪಾಯಿಯ ಪ್ರಯೋಗ ಮಾಡಿ ಕಾರ್ಡ್ ಅಥವಾ ಯುಪಿಐ ಪಾವತಿ ಸರಿಯಾಗಿ ನಡೆಯುತ್ತದೆಯೇ ನೋಡಿಕೊಳ್ಳಿ. ಹಬ್ಬದ ವಾರದಲ್ಲಿ ಖಾತೆ ತಡೆಹಿಡಿದರೆ ಕೇಳುವವರು ಸಿಗುವುದಿಲ್ಲ.

ಯಾವ ಪೋಸ್ಟ್‌ನಿಂದ ಯಾರು ಬಂದರು ಎಂದು ತಿಳಿಯಲು ಸುಲಭ ಉಪಾಯವಿದೆ. ವಾಟ್ಸಾಪ್ ಲಿಂಕ್‌ನ ಕೊನೆಗೆ ಸಿದ್ಧ ವಾಕ್ಯ ಸೇರಿಸಬಹುದು. ಇನ್‌ಸ್ಟಾಗ್ರಾಮ್‌ನ ಲಿಂಕ್‌ಗೆ ‘ಪಂಚಮಿ ದರಪಟ್ಟಿ ಕಳಸ್ರಿ’, ಡಬ್ಬಿಯ ಚೀಟಿಗೆ ‘ಹೋದ ಸಲ ಒಯ್ದಿದ್ದೆ’, ಗೂಗಲ್‌ನ ಲಿಂಕ್‌ಗೆ ‘ಅಂಗಡಿ ಎಲ್ಲೈತ್ರಿ’ ಎಂದು ಬೇರೆ ಬೇರೆ ಕೊಟ್ಟರೆ ಮೊದಲ ಸಾಲು ನೋಡಿದೊಡನೆ ಗೊತ್ತಾಗುತ್ತದೆ.

ಗೂಗಲ್ ಬಿಸಿನೆಸ್ ಪ್ರೊಫೈಲ್‌ನಲ್ಲಿ ಹಬ್ಬದ ದಿನಗಳಿಗೆ ಬೇರೆ ವೇಳೆ ಹಾಕುವ ಸೌಲಭ್ಯವಿದೆ, ಅದನ್ನು ತುಂಬಿಸಿ. ಪ್ಯಾಕೆಟ್ ಮೇಲೆ ಎಫ್‌ಎಸ್‌ಎಸ್‌ಎಐನ (ಆಹಾರ ಸುರಕ್ಷತಾ ಪ್ರಾಧಿಕಾರ) 14 ಅಂಕಿಯ ನಂಬರ್, ತೂಕ, ಎಂಆರ್‌ಪಿ, ತಯಾರಿಸಿದ ದಿನ, ಬಳಸಿದ ಪದಾರ್ಥಗಳು, ಸಸ್ಯಾಹಾರದ ಹಸಿರು ಗುರುತು ಇರಲಿ. ಫೋಟೊದಲ್ಲೂ ಅದು ಕಂಡರೆ ಹೊರ ಊರಿನವರು ಧೈರ್ಯವಾಗಿ ದುಡ್ಡು ಹಾಕುತ್ತಾರೆ.

ಜಾತ್ರೆಯ ಲೆಕ್ಕ ಬೇರೆ. ಶಿವರಾತ್ರಿಗೆ ಸಿದ್ಧಾರೂಢ ಮಠದ ಜಾತ್ರೆ, ಗದಗದ ತೋಂಟದಾರ್ಯ ಜಾತ್ರೆಯಂಥ ಕಡೆ ಜನ ಹೆಚ್ಚಾಗಿ ನೆಟ್‌ವರ್ಕ್ ಕುಂಟುತ್ತದೆ, ಕ್ಯಾಟಲಾಗ್ ತೆರೆಯುವುದಿಲ್ಲ. ಅಲ್ಲಿ ಮಳಿಗೆಯ ಮೇಲೆ ನಂಬರನ್ನು ದೊಡ್ಡದಾಗಿ ಬರೆಸಿ, ಪೋಸ್ಟನ್ನು ಜನ ಮನೆಗೆ ಮರಳಿದ ರಾತ್ರಿಗೆ ಇಟ್ಟುಕೊಳ್ಳಿ.

ಕಲಿಯುವುದೆಲ್ಲಿ ಎಂದು ಬಹಳ ಜನ ಕೇಳುತ್ತಾರೆ. ಸಾವಿರಾರು ರೂಪಾಯಿಯ ಕೋರ್ಸ್ ಬೇಡ. ಮೊದಲು ವಾಟ್ಸಾಪ್ ಬಿಸಿನೆಸ್‌ನ ಪ್ರತಿ ಸೆಟ್ಟಿಂಗ್ ತೆರೆದು ನೋಡಿ. ಆಮೇಲೆ ಮೆಟಾ ಬ್ಲೂಪ್ರಿಂಟ್‌ನ ಪುಕ್ಕಟೆ ಪಾಠಗಳಲ್ಲಿ ಜಾಹೀರಾತಿನ ಮೂಲ ಪಾಠ ಮಾತ್ರ ಸಾಕು. ಮೆಟಾ ಆ್ಯಡ್ ಲೈಬ್ರರಿಯಲ್ಲಿ ಯಾರದೇ ಪುಟದ ಹೆಸರು ಹಾಕಿದರೆ ಈಗ ಓಡುತ್ತಿರುವ ಜಾಹೀರಾತುಗಳು, ಶುರುವಾದ ದಿನದೊಂದಿಗೆ ಕಾಣುತ್ತವೆ. ಬಹಳ ದಿನದಿಂದ ನಿಲ್ಲದೆ ಓಡುತ್ತಿರುವುದನ್ನು ಗಮನವಿಟ್ಟು ನೋಡಿ, ಅದರಿಂದ ಅವರಿಗೆ ಲಾಭವಿರಬೇಕು. ಇಷ್ಟು ಕಲಿಸುವ ಪಾಠ ಬೇರೆಲ್ಲೂ ಸಿಗದು ಎಂಬುದು ನನ್ನ ಅಭಿಪ್ರಾಯ. ಯೂಟ್ಯೂಬ್ ವಿಡಿಯೋ ನೋಡುವಾಗ ಹಾಕಿದ ದಿನ ನೋಡಿ, ಎರಡು ವರ್ಷ ಹಳೆಯದಾದರೆ ಮೆನುಗಳು ಬದಲಾಗಿರುತ್ತವೆ. ಎದುರು ಕೂತು ಕಲಿಯಬೇಕೆನ್ನುವವರಿಗೆ ಧಾರವಾಡದ ರುಡ್‌ಸೆಟಿ ಇದೆ, ಸ್ವಂತ ಉದ್ಯೋಗ ಮಾಡುವವರಿಗೆ ಊಟ-ವಸತಿ ಸಮೇತ ಉಚಿತ ತರಬೇತಿ ಕೊಡುವ ಸಂಸ್ಥೆ. ಧಾರವಾಡದಲ್ಲೇ ಸಿಡಾಕ್ (ಕರ್ನಾಟಕ ಉದ್ಯಮಶೀಲತಾ ಅಭಿವೃದ್ಧಿ ಕೇಂದ್ರ) ಕೂಡ ಇದೆ. ಅಂಗಡಿಯ ಲೆಕ್ಕ, ಸಾಲ, ದರ ಕಟ್ಟುವುದು ಇವೆಲ್ಲ ಅಂಥ ಕಡೆ ಚೆನ್ನಾಗಿ ತಲೆಗೆ ಹೋಗುತ್ತವೆ, ರೀಲ್ ಮಾಡುವುದಕ್ಕಿಂತ ಮೊದಲು ಅವು ಬೇಕು.

ಕೆಲಸವನ್ನು ಬೇರೆಯವರಿಗೆ ವಹಿಸಿದರೂ ಪುಟ, ಆ್ಯಡ್ ಅಕೌಂಟ್ ನಿಮ್ಮ ಹೆಸರಿನಲ್ಲೇ ಇರಲಿ. ಪಾಸ್‌ವರ್ಡ್ ಕೊಡದೆ ಮೆಟಾ ಬಿಸಿನೆಸ್ ಸೆಟ್ಟಿಂಗ್‌ನಲ್ಲಿ ಅವರನ್ನು ಪಾರ್ಟ್ನರ್ ಆಗಿ ಸೇರಿಸಿ, ಎರಡು ಹಂತದ ಪರಿಶೀಲನೆ ಹಾಕಿ. ‘ನಿಮ್ಮ ಪುಟ ಬಂದ್ ಆಗಲಿದೆ, ಈ ಲಿಂಕ್ ಒತ್ತಿ’ ಎಂದು ಮೆಟಾ ಹೆಸರಿನಲ್ಲಿ ಬರುವ ಮೆಸೇಜುಗಳು ಮೋಸದವು, ಒತ್ತಬೇಡಿ.

ಪಂಚಮಿ ಮುಗಿದ ವಾರದೊಳಗೆ ನೋಟ್‌ಬುಕ್ಕಿನಲ್ಲಿ ನಾಲ್ಕು ಸಾಲು ಬರೆದಿಡಬೇಕು: ಯಾವ ಲಿಂಕ್‌ನಿಂದ ಎಷ್ಟು ಆರ್ಡರ್, ಜಿಎಸ್‌ಟಿ ಸೇರಿ ಎಷ್ಟು ಖರ್ಚು, ಯಾವ ಉಂಡಿ ಮೊದಲು ಖಾಲಿ, ಯಾವ ಊರಿನ ಪಾರ್ಸಲ್ ತಡ. ಫೋಟೊಗಳ ಫೋಲ್ಡರಿಗೆ ಇಂಗ್ಲಿಷ್ ತಿಂಗಳಿನ ಬದಲು ಹಬ್ಬದ ಹೆಸರಿಡಿ. 2026ರಲ್ಲಿ ಗಣೇಶ ಚತುರ್ಥಿ ಸೆಪ್ಟೆಂಬರ್ 14ಕ್ಕೆ ಇರುವುದರಿಂದ, ಮೋದಕ, ಕರಿಗಡಬಿನ ಆರ್ಡರ್ ಹಿಡಿಯುವವರು ಈ ನಾಲ್ಕು ಸಾಲನ್ನು ಆಗಸ್ಟ್ 24ರೊಳಗೆ ಮುಗಿಸಿ ಹೊಸ ದರಪಟ್ಟಿ ಕ್ಯಾಟಲಾಗ್‌ಗೆ ಹಾಕಿರಬೇಕು.